ಮಾವಿನ ಪೆಟ್ಟಿಗೆಗೆ ಲವಂಗದ ಎಣ್ಣೆ: ಸವರಬೇಡಿ, ತೂಗುಹಾಕಿ

ಶ್ರೀನಿವಾಸಪುರದಿಂದ ಮೊಮ್ಮಗಳಿಗೆ ಒಂದು ಪೆಟ್ಟಿಗೆ ಬಾದಾಮಿ ಮಾವಿನಕಾಯಿ ಕಳಿಸಿದ್ದೆ. ಕೊಳೆಯದಿರಲಿ ಅಂತ ಲವಂಗದ ಎಣ್ಣೆಯನ್ನೂ ಕೊಟ್ಟಿದ್ದೆ. ಆ ಪುಣ್ಯಾತಗಿತ್ತಿ, ತಲೆಗೆ ಹರಳೆಣ್ಣೆ ಹಚ್ಚಿದ ಹಾಗೆ ಒಂದೊಂದು ಕಾಯಿಗೂ ಸವರಿದ್ದಾಳೆ! ಸಿಪ್ಪೆಯೆಲ್ಲಾ ಸುಟ್ಟು ಕಂದು ಕಲೆ. ಹಣ್ಣು ಬಾಯಿಗಿಟ್ಟರೆ ಹಲ್ಲಿನ ಡಾಕ್ಟರ ನೆನಪು.

ಎಣ್ಣೆ ಹಣ್ಣಿಗೆ ತಾಗಲೇಬಾರದು. ಕೆಲಸ ಮಾಡುವುದು ಅದರ ಆವಿ. ಲವಂಗದ ಎಣ್ಣೆಯಲ್ಲಿ ಯೂಜಿನಾಲ್ ಇದೆ, ಓಂಕಾಳಿನ ಎಣ್ಣೆಯಲ್ಲಿ ಥೈಮಾಲ್. ಆ ಘಾಟಿಗೆ ಬೂಷ್ಟು ಸುಲಭವಾಗಿ ತಲೆ ಎತ್ತುವುದಿಲ್ಲ. ಹಾಗಂತ ಕೊಳೆತದ್ದು ಸರಿಹೋಗುತ್ತದಾ? ಇಲ್ಲ. ಚಿಬ್ಬು ರೋಗ ಮರದಲ್ಲೇ ಕಾಯಿಗೆ ಹತ್ತಿ ಸುಮ್ನೆ ಕೂತಿರುತ್ತದೆ, ಹಣ್ಣಾಗುವಾಗ ಕಪ್ಪು ಚುಕ್ಕೆಯಾಗಿ ಏಳುತ್ತದೆ. ಅದಕ್ಕೇ, ಎಣ್ಣೆಗಿಂತ ಮೊದಲು ಕಾಯಿಯನ್ನು ಬಿಸಿನೀರಲ್ಲಿ ಅದ್ದಿಡಿ. 52 ಡಿಗ್ರಿ, 10 ನಿಮಿಷ ಅಂತ ಲೆಕ್ಕ. ಆಮೇಲೆ ನೆರಳಲ್ಲಿ ಪೂರ್ತಿ ಆರಲಿ. ಒದ್ದೆ ಕಾಯಿ ಪೆಟ್ಟಿಗೆಗಿಟ್ಟರೆ ನಾನು ಬೈಯುತ್ತೇನೆ.

ತೊಟ್ಟನ್ನು ಬುಡಕ್ಕೇ ಕೀಳಬೇಡಿ. ಬೆರಳಿನ ಅರ್ಧ ಗೆಣ್ಣಿನಷ್ಟಾದರೂ ಇರಲಿ. ಇಲ್ಲದಿದ್ದರೆ ಸೊನೆ ಸೋರಿ ಸಿಪ್ಪೆ ಸುಡುತ್ತದೆ, ಕೊಳೆಯೂ ಅಲ್ಲಿಂದಲೇ ಇಳಿಯುತ್ತದೆ.

ಈಗ ಎಣ್ಣೆ. ಗ್ರಂಧಿಗೆ ಅಂಗಡಿಯಲ್ಲಿ ಅಪ್ಪಟ ಎಣ್ಣೆ ಕೇಳಿ ತನ್ನಿ. ಹಳೆ ಪಂಚೆಯ ತುಂಡು ಬೇಕು, ಬಹಳ ಸಲ ಒಗೆದು ಮೆತ್ತಗಾದದ್ದು. ಹೊಸ ಬಟ್ಟೆಗೆ ಗಂಜಿ ಇರುತ್ತದೆ, ಎಣ್ಣೆ ಕುಡಿಯುವುದಿಲ್ಲ. ಅದರಲ್ಲಿ ಹತ್ತಿ ಇಟ್ಟು ಗೋಲಿ ಗಾತ್ರದ ಗಂಟು ಕಟ್ಟಿ. ನಾಲ್ಕೈದು ತೊಟ್ಟು ಎಣ್ಣೆ ಬಿಡಿ. ಹಿಂಡಿದರೆ ಬೆರಳು ಜಿಡ್ಡಾಗಬೇಕು, ಹನಿ ಬೀಳಬಾರದು. ಬಿದ್ದರೆ ಜಾಸ್ತಿಯಾಯಿತು, ಇನ್ನೊಂದು ಗಂಟು ಕಟ್ಟಿ. ಮುಚ್ಚಳದ ಒಳಗಿನಿಂದ ದಾರದಲ್ಲಿ ಇಳಿಬಿಡಿ, ಕಾಯಿಗೂ ಗಂಟಿಗೂ ನಡುವೆ ಕೈಮುಷ್ಟಿ ಆಡಬೇಕು. ಪೆಟ್ಟಿಗೆ ಅಲ್ಲಾಡಿದಾಗ ತಾಗುತ್ತದಾ ನೋಡಿ. ರಾತ್ರಿ ಮುಚ್ಚಿ, ಬೆಳಗ್ಗೆ ಸ್ವಲ್ಪ ಹೊತ್ತು ತೆರೆದಿಡಿ, ಇಲ್ಲದಿದ್ದರೆ ಒಳಗೆ ಬೆವರುತ್ತದೆ. ಮೂಗಿಗೆ ಘಾಟು ಕಡಿಮೆಯಾದಾಗ ಮತ್ತೆ ಎಣ್ಣೆ. ಎಣ್ಣೆಯ ಕೈ ಕಣ್ಣಿಗೆ ಹೋಗದಿರಲಿ.

ನಮ್ಮತ್ತೆ ಅಟ್ಟದಲ್ಲಿ ಹುಲ್ಲು ಹಾಸಿ ಅದರ ಕೆಳಗೆ ಲಕ್ಕಿ ಸೊಪ್ಪು ಇಡುತ್ತಿದ್ದರು. ರಾತ್ರಿ ಬುಡ್ಡಿ ದೀಪ ಹಿಡಿದು ಹತ್ತಿ, ಮೂಸಿ ನೋಡಿಯೇ ಯಾವ ಮೂಲೆಯಲ್ಲಿ ಕೊಳೆತಿದೆ ಅಂತ ಹೇಳುತ್ತಿದ್ದರು. ಒಂದು ಕೊಳೆತರೆ ಪಕ್ಕದವೂ ಬೇಗ ಹಣ್ಣಾಗಿ ಮೆತ್ತಗಾಗುತ್ತವೆ, ದಿನಾ ಆರಿಸಿ ತೆಗೆಯಬೇಕು.

ತಿನ್ನುವ ಹಿಂದಿನ ರಾತ್ರಿ ಹಣ್ಣನ್ನು ಮೊರದಲ್ಲಿ ಹರಡಿ. ಬೆಳಗ್ಗೆ ಬಾದಾಮಿಯದೇ ವಾಸನೆ ಬರಬೇಕು. ಇನ್ನೂ ಲವಂಗ ಹೊಡೆಯುತ್ತಿದ್ದರೆ, ನಿಮ್ಮ ಗಂಟು ಹನಿಯುತ್ತಿತ್ತು.