ಮಾಡು ಬಿಚ್ಚಿದ ವಾರವೇ ಹೂಮಳೆ ಬಂತು

ಕೊಡಗಿನಲ್ಲಿ ಹಳೆ ಮನೆ ರಿಪೇರಿಗೆ ಕೈ ಹಾಕಿದವರಿಗೆ ವರ್ಷದಲ್ಲಿ ಸಿಗುವುದು ಐದು ತಿಂಗಳು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಅಷ್ಟೇ. ಕಾಫಿ ಕುಯ್ಯುವುದೂ, ಒಣಗಿಸುವುದೂ, ಮೆಣಸು ಬಿಡಿಸುವುದೂ ಅದೇ ಐದು ತಿಂಗಳಲ್ಲಿ. ಮಕ್ಕಳ ಪರೀಕ್ಷೆಯೂ ಆಗಲೇ. ಇದು ನಮಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಒಂದೇ ವರ್ಷದಲ್ಲಿ ಮುಗಿಸುತ್ತೇವೆ ಅಂದುಕೊಂಡೆವು ನೋಡಿ, ಅದು ನಮ್ಮ ದಡ್ಡತನ.

ನಮ್ಮದು ಶಾಂತಳ್ಳಿ ಕಡೆ, ಪುಷ್ಪಗಿರಿಯ ತಪ್ಪಲು. ನಾನು ಸೋಮವಾರಪೇಟೆಯ ಒಂದು ಶಾಲೆಯಲ್ಲಿ ಟೀಚರ್. ಯಜಮಾನರದ್ದು ನಾಲ್ಕು ಎಕರೆ ಕಾಫಿ ತೋಟ, ಮೇಲೆ ಅರೇಬಿಕಾ, ಕೆಳಗೆ ಒಂದೆಕರೆ ರೋಬಸ್ಟಾ. ಅತ್ತೆ, ಇಬ್ಬರು ಮಕ್ಕಳು, ಎರಡು ಹಸು. ಮನೆ ಮಾವನವರ ತಂದೆ ಕಟ್ಟಿಸಿದ್ದು. ಮಣ್ಣಿನ ಗೋಡೆ, ಮಂಗಳೂರು ಹೆಂಚಿನ ಮಾಡು (ಛಾವಣಿ), ನಡುಮನೆಗೆ ಹಲಗೆಯ ಮುಚ್ಚಿಗೆ, ಕೆಂಪು ಗಾರೆಯ ನೆಲ. ನೆಂಟರೆಲ್ಲ ಒಂದೇ ಮಾತು ಹೇಳಿದರು: "ಬೀಳಿಸಿ ಆರ್‌ಸಿಸಿ ಮಾಡಿ, ತಲೆನೋವೇ ಇರಲ್ಲ." ಅತ್ತೆ ಮಾತ್ರ ಒಲೆ ಮುಂದಿನಿಂದ ಏಳದೆ ಹೇಳಿದರು: "ನಾನು ಹೋದ ಮೇಲೆ ಏನಾದ್ರೂ ಮಾಡ್ಕೊಳಿ ಕಣವ್ವ." ಅಲ್ಲಿಗೆ ಆ ಮಾತು ಮುಗಿಯಿತು.

2024ರಲ್ಲಿ ಕಾಫಿಗೆ ನಾವು ಎಂದೂ ಕಾಣದ ರೇಟ್ ಬಂತು. ಹತ್ತು ವರ್ಷದಿಂದ "ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದ ಯಜಮಾನರು ಕೊನೆಗೂ ಮರಗೆಲಸದ ಆಚಾರ್ರನ್ನು ಕರೆಸಿದರು.

ಆಚಾರ್ರು ಏಣಿ ಇಟ್ಟು ಅಟ್ಟ ಹತ್ತಿದರು. ಅರ್ಧ ಗಂಟೆ ಕುಟ್ಟಿ ಕುಟ್ಟಿ ನೋಡಿ ಇಳಿದು ಬಂದರು. ಅಡುಗೆ ಮನೆ ಮೇಲಿನ ಪಕಾಸುಗಳು (ಮಾಡು ಹೊರುವ ಓರೆ ಮರಗಳು) ಇದ್ದಿಲಿನ ಹಾಗೆ ಕಪ್ಪಾಗಿವೆ, ಆದರೆ ಒಂದಕ್ಕೂ ಹುಳ ಬಿದ್ದಿಲ್ಲ. ಮಲಗುವ ಕೋಣೆ ಕಡೆಯವು ನೋಡಲು ಚೆನ್ನಾಗಿವೆ, ಒಳಗೆ ಬರೀ ಹಿಟ್ಟು. ಕಾರಣ ಸೌದೆ ಒಲೆಯ ಹೊಗೆ. ದಿನಾ ಹೊಗೆ ತಿಂದ ಮರ ಒಣಗಿಕೊಂಡೇ ಇರುತ್ತದೆ, ಹುಳ ಹತ್ತಿರ ಬರುವುದಿಲ್ಲ. ಗ್ಯಾಸ್ ಬಂದ ಮೇಲೂ ಒಲೆ ಆರಿಸದ ಅತ್ತೆಯ ಜೊತೆ ನಾನು ಎಷ್ಟು ಸಲ ಜಗಳ ಆಡಿದ್ದೆ! ಅವರು ಆ ದಿನ ಏನೂ ಹೇಳಲಿಲ್ಲ. ಸುಮ್ನೆ ಇನ್ನೊಂದು ಕೊಳ್ಳಿ ಒಳಗೆ ತಳ್ಳಿದರು.

ಅರೇಬಿಕಾ ಕುಯ್ಲು ಮುಗಿಯುವವರೆಗೆ ಮನೆ ಕೆಲಸಕ್ಕೆ ಆಳು ಸಿಗಲಿಲ್ಲ. ಅರೇಬಿಕಾ ಕುಯ್ದ ದಿನವೇ ಪಲ್ಪರ್‌ಗೆ, ಅಂದರೆ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರಕ್ಕೆ, ಹಾಕಬೇಕು, ಅದನ್ನು ಬಿಟ್ಟು ಹೆಂಚು ಇಳಿಸುತ್ತೇವೆ ಅಂದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಹೆಂಚು ಇಳಿಸಲು ಶುರು ಮಾಡಿದ್ದೇ ಫೆಬ್ರವರಿ ಮೊದಲ ವಾರ.

ಹೆಂಚಿನ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ದುಡ್ಡು ಉಳಿಯುವುದೂ ಹೋಗುವುದೂ ಅಲ್ಲೇ. 100 ಚದರ ಅಡಿಗೆ ಸುಮಾರು 150 ಹೆಂಚು ಬೇಕು. ನಮ್ಮ ಮಾಡಿನಲ್ಲಿ ಮೂರು ಸಾವಿರದ ಮೇಲೆ ಇದ್ದವು. ಮಕ್ಕಳಿಗೆ ಹೆಂಚಿಗೆ ಒಂದು ರೂಪಾಯಿ ಅಂತ ಮಾತಾಡಿ ಪಾಚಿ ಉಜ್ಜಲು ಕೂರಿಸಿದೆವು. ಉಜ್ಜಿ ಒಣಗಿಸಿದ ಮೇಲೆ ಬೆರಳಿನ ಗೆಣ್ಣಿನಿಂದ ಬಡಿದು ನೋಡಬೇಕು. ಟಣ್ ಅಂದರೆ ಒಳ್ಳೆಯದು. ಡಬ್ ಅಂದರೆ ಕಣ್ಣಿಗೆ ಕಾಣದ ಬಿರುಕು ಇದೆ, ಪಕ್ಕಕ್ಕಿಡಿ. ಹೀಗೆ ಸುಮಾರು 600 ಪಕ್ಕಕ್ಕೆ ಹೋದವು. ಅಷ್ಟಕ್ಕೆ ಹಳೆ ಹೆಂಚನ್ನೇ ಹುಡುಕಬೇಕಾಯಿತು. ಒಂದು ಕಂಪನಿಯ ಹೆಂಚಿನ ತೋಡು ಇನ್ನೊಂದು ಕಂಪನಿಯದಕ್ಕೆ ಸರಿಯಾಗಿ ಕೂರುವುದಿಲ್ಲ. ಕೂತ ಹಾಗೆ ಕಾಣುತ್ತದೆ, ಆದರೆ ಗಾಳಿ ಮಳೆ ಬಂದಾಗ ಆ ಸಂದಿನಿಂದಲೇ ನೀರು ಒಳಗೆ. ಅದಕ್ಕೇ ಜೇಬಲ್ಲಿ ನಮ್ಮ ಹೆಂಚಿನ ಮುದ್ರೆಯ ಫೋಟೊ ಇಟ್ಟುಕೊಂಡು, ಯಾರ ಮನೆ ಬೀಳಿಸುತ್ತಿದ್ದಾರೆ ಅಂತ ಕೇಳಿಕೊಂಡು ತಿರುಗಿದ್ದಾಯಿತು.

ಆ ಮುದ್ರೆಯದ್ದೇ ಒಂದು ಕಥೆ. ಕೆಲವು ಹೆಂಚಿನ ಮೇಲೆ ಬಾಸೆಲ್ ಮಿಷನ್, 1865 ಅಂತ ಇತ್ತು. ಮಗ ಶಾಲೆಗೆ ಹೋಗಿ ನಮ್ಮ ಮನೆಗೆ 160 ವರ್ಷ ಅಂತ ಡಂಗುರ ಸಾರಿ ಬಂದ. ಅದು ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಶುರುವಾದ ವರ್ಷ, ಮನೆ ಕಟ್ಟಿದ ವರ್ಷ ಅಲ್ಲ. ಉಳಿದ ಹೆಂಚಿನ ಮೇಲೆ ಕಾಮನ್‌ವೆಲ್ತ್ ಅಂತ ಇತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಮಿಷನ್ನಿನ ಕಾರ್ಖಾನೆಗಳನ್ನು ವಶ ಮಾಡಿಕೊಂಡರು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಅಂದರೆ ನಮ್ಮ ಮಾಡು ಯುದ್ಧದ ನಂತರದ್ದು, ಅದಕ್ಕಿಂತ ಹಳೆಯ ಹೆಂಚೂ ಸ್ವಲ್ಪ ಸೇರಿಕೊಂಡಿವೆ. ಅಜ್ಜನೂ ನಮ್ಮ ಹಾಗೇ ಸೆಕೆಂಡ್ ಹ್ಯಾಂಡ್ ಹೆಂಚು ಹುಡುಕಿಕೊಂಡು ತಿರುಗಿರಬೇಕು. ಮಗನಿಗೆ ಬಹಳ ಬೇಜಾರಾಯಿತು.

ಮಾಡು ಪೂರ್ತಿ ಬಿಚ್ಚಬೇಡಿ ಅಂತ ಆಚಾರ್ರು ಹೇಳಿದ್ದರು. ಒಂದು ಮಗ್ಗುಲು ಬಿಚ್ಚಿ, ಹೊದಿಸಿ, ಆಮೇಲೆ ಇನ್ನೊಂದು. ನಾವು ಕೇಳಲಿಲ್ಲ. ಆಳು ಇದ್ದಾರೆ, ಒಟ್ಟಿಗೇ ಆಗಲಿ ಅಂತ ಎರಡೂ ಮಗ್ಗುಲು ಬಿಚ್ಚಿಸಿದೆವು. ಪಕಾಸುಗಳು ಅಸ್ಥಿಪಂಜರದ ಹಾಗೆ ಆಕಾಶಕ್ಕೆ ನಿಂತಿದ್ದವು. ನಾಲ್ಕನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಗುಡುಗಿತು.

ಅಂಗಳದ ಕಣದಲ್ಲಿ ರೋಬಸ್ಟಾ ಚೆರಿ, ಅಂದರೆ ಇಡೀ ಹಣ್ಣು, ಒಣಗಲು ಹಾಕಿತ್ತು. ಇದ್ದ ದೊಡ್ಡ ಟಾರ್ಪಲ್ ಒಂದೇ. ನಾನು ಇನ್ನೂ ಶಾಲೆಯಲ್ಲಿದ್ದೆ. ಯಜಮಾನರು ಅದನ್ನು ಯಾವುದಕ್ಕೆ ಹೊದಿಸಿದರು ಅಂತ ಬೇರೆ ಹೇಳಬೇಕಾ? ನಾನು ಬರುವಾಗ ಕಾಫಿ ಬೆಚ್ಚಗೆ ಮಲಗಿತ್ತು. ನಡುಮನೆಯಲ್ಲಿ ನೀರು ಹೊಸ್ತಿಲು ದಾಟಿ ಹರಿಯುತ್ತಿತ್ತು. ಮಗಳು ಎಸ್ಸೆಸ್ಸೆಲ್ಸಿ ಪುಸ್ತಕಗಳನ್ನೆಲ್ಲ ಹಂಡೆಯೊಳಗೆ ಹಾಕಿ ಮುಚ್ಚಳ ಮುಚ್ಚಿ ಅದರ ಮೇಲೆ ಕೂತಿದ್ದಳು.

ಇಷ್ಟಾದರೂ ಆ ಮನುಷ್ಯನ ಮುಖದಲ್ಲಿ ನಗು. ಹೂಮಳೆ ಅಲ್ವಾ! ಆ ಮಳೆಗೆ ಕಾಫಿ ಹೂ ಅರಳುತ್ತದೆ. ಸರಿಯಾದ ಹೊತ್ತಿಗೆ ಬಿದ್ದರೆ ಮುಂದಿನ ವರ್ಷದ ಫಸಲು ಕೈಗೆ ಬಂದ ಹಾಗೆ. ನಾನು ಬಕೆಟ್ಟಿನಲ್ಲಿ ನೀರು ಎತ್ತಿ ಹಾಕುತ್ತಿದ್ದರೆ ಇವರು ಜಗಲಿಯಲ್ಲಿ ನಿಂತು ಫೋನಿನಲ್ಲಿ "ನಿಮ್ಮಲ್ಲಿ ಎಷ್ಟು? ನಮ್ಮಲ್ಲಿ ತೊಂಬತ್ತು ಸೆಂಟ್!" ಅನ್ನುತ್ತಿದ್ದರು. ಹೊರಗಿನವರಿಗೆ ಹೇಳುವುದಾದರೆ, ನಮ್ಮಲ್ಲಿ ಮಳೆ ಅಳೆಯುವುದು ಇಂಚು ಮತ್ತು ಸೆಂಟ್‌ನಲ್ಲಿ. ನೂರು ಸೆಂಟ್ ಅಂದರೆ ಒಂದು ಇಂಚು. ಆ ರಾತ್ರಿ ನಾನು ಅವರ ಜೊತೆ ಮಾತಾಡಲಿಲ್ಲ. ಒಂದು ವಾರಕ್ಕೆ ತೋಟ ಬೆಳ್ಳಗೆ ಅರಳಿ ಘಮಘಮ ಅಂದಾಗ ಸಿಟ್ಟು ಅರ್ಧ ಇಳಿಯಿತು.

ಹೊಸ ಪಕಾಸುಗಳಿಗೆ, ಅವುಗಳ ಮೇಲೆ ಹೆಂಚು ಕೂರುವ ರೀಪುಗಳಿಗೆ ಗೇರೆಣ್ಣೆ ಬಳಿದೆವು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪೆಣ್ಣೆ, ಗೆದ್ದಲಿಗೆ ಒಳ್ಳೆಯ ಮದ್ದು. ಆದರೆ ಚರ್ಮ ಸುಡುತ್ತದೆ. ಯಜಮಾನರು "ಇದೇನು ಮಹಾ" ಅಂತ ಬರಿಗೈಯಲ್ಲಿ ಬಳಿದು ಹತ್ತು ದಿನ ಬೊಬ್ಬೆ ಎದ್ದ ಕೈಯಲ್ಲಿ ಚಮಚ ಹಿಡಿದು ಊಟ ಮಾಡಿದರು. ಕೈಗವಸು ಹಾಕಿಕೊಳ್ಳಿ, ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ತಲೆಬಾಗಿಲಿನ ಚೌಕಟ್ಟು ಬೀಟೆಯದು. ಕೆಳಗಿನ ಒಂದಡಿ ಗೆದ್ದಲು ತಿಂದಿತ್ತು. ಬೀಟೆ ಇವತ್ತು ತೋಟದಲ್ಲೇ ಇದ್ದರೂ ಮನಸ್ಸಿಗೆ ಬಂದ ಹಾಗೆ ಕಡಿಯುವಂತಿಲ್ಲ. ಆಚಾರ್ರು ತಿಂದ ಭಾಗ ಮಾತ್ರ ಕೊಯ್ದು, ಮುರಿದ ಹಳೆ ಮಂಚದ ಕಾಲನ್ನು ಅಲ್ಲಿಗೆ ಬೆಸೆದರು. ಹುಡುಕಿದರೂ ಗುರುತು ಸಿಗುವುದಿಲ್ಲ.

ಮಲಗುವ ಕೋಣೆ, ಅಡುಗೆ ಮನೆ ಸಾಮಾನೆಲ್ಲ ಕಾಫಿ ಗೋಡೌನಿಗೆ ಹೋಗಿತ್ತು. ಮೂಟೆಗಳ ಮಧ್ಯೆ ಮಗಳ ಓದು, ಇನ್ನೊಂದು ಮೂಟೆಯ ಮೇಲೆ ನನ್ನ ಉತ್ತರ ಪತ್ರಿಕೆ. ಆ ವರ್ಷ ನಾನು ತಿದ್ದಿದ ಪತ್ರಿಕೆಗಳಿಗೆಲ್ಲ ಕಾಫಿ ಹೊಟ್ಟಿನ ವಾಸನೆ. ಅಡುಗೆ ಸೌದೆ ಕೊಟ್ಟಿಗೆಯಲ್ಲಿ. ಕೆಲಸದವರು ಐದಕ್ಕೆ ಹೊರಟು ಬಿಡುತ್ತಿದ್ದರು, ಕೊನೆ ಬಸ್ಸು ತಪ್ಪಿದರೆ ನಡೆಯಬೇಕು. ನಾನು ಮನೆ ಸೇರುವುದೂ ಐದಕ್ಕೇ. ಹಾಗಾಗಿ ಏನು ಮಾಡಿದ್ದಾರೆ, ಏನು ಬಿಟ್ಟಿದ್ದಾರೆ ಅಂತ ಅವರನ್ನೇ ಕೇಳುವ ಭಾಗ್ಯ ನನಗೆ ಭಾನುವಾರ ಮಾತ್ರ. ಕೊನೆಗೆ ಒಂದು ಹಳೆ ಸ್ಲೇಟು ಜಗಲಿಗೆ ನೇತು ಹಾಕಿದೆ. ಬೆಳಿಗ್ಗೆ ನಾನು ಬರೆದಿಡುತ್ತಿದ್ದೆ, ಸಂಜೆ ಮೇಸ್ತ್ರಿ ಬರೆದಿಡುತ್ತಿದ್ದರು. "ಟೀಚರಮ್ಮ, ಮರಳು ಮುಗೀತು" ಅನ್ನುವುದೇ ಜಾಸ್ತಿ.

ಗೋಡೆಯಲ್ಲಿ ನಾವು ಕಲಿತದ್ದು ದೊಡ್ಡದು. ಮಾವನವರು ಇದ್ದಾಗ ಹೊರಗೋಡೆಗೆ ಸಿಮೆಂಟ್ ಗಾರೆ ಹಾಕಿಸಿದ್ದರು, ಗಟ್ಟಿ ಇರಲಿ ಅಂತ. ಮಣ್ಣಿನ ಗೋಡೆ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಒಳಗೆ ಹೋದ ತೇವಕ್ಕೆ ಹೊರಗೆ ಬರಲು ದಾರಿಯೇ ಇಲ್ಲ. ನಾವು ಉಳಿಯಿಂದ ಕೆತ್ತಿದಾಗ ಸಿಮೆಂಟ್ ದೊಡ್ಡ ದೊಡ್ಡ ಹಪ್ಪಳದ ಹಾಗೆ ಎದ್ದು ಬಂತು, ಹಿಂದಿನ ಮಣ್ಣು ಕೈಗೇ ಉದುರಿತು. ಮೊದಲು ಬಂದ ಮೇಸ್ತ್ರಿ ಮತ್ತೆ ಸಿಮೆಂಟೇ ಹಾಕೋಣ ಅಂದರು. ಬೇಡ ಅಂದಿದ್ದಕ್ಕೆ ಅಡ್ವಾನ್ಸ್ ತೆಗೆದುಕೊಂಡು ಹೋದವರು ತಿರುಗಿ ಬರಲಿಲ್ಲ. ಆಮೇಲೆ ಸಿಕ್ಕವರು ಎಪ್ಪತ್ತು ದಾಟಿದ ಒಬ್ಬ ತಾತ. ಅವರು ಕರಣೆ ಹಿಡಿಯಲಿಲ್ಲ. ಕುರ್ಚಿಯಲ್ಲಿ ಕೂತು ಮೊಮ್ಮಗನ ಕೈಯಲ್ಲಿ ಮಾಡಿಸಿದರು. ತೋಟದ ಮಣ್ಣು, ಮರಳು, ಕತ್ತರಿಸಿದ ಹುಲ್ಲು ಕಲಸಿ ಕೊಳೆಯಲು ಬಿಟ್ಟು ಒಳಗಾರೆ. ಅದು ಪೂರ್ತಿ ಒಣಗಿದ ಮೇಲೆ ಸುಣ್ಣದ ಗಾರೆ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಕುದಿಯುತ್ತದೆ, ಮುಖ ಬಗ್ಗಿಸಿ ನೋಡಬಾರದು. ಅದನ್ನು ವಾರಗಟ್ಟಲೆ ನೀರಿನಡಿಯಲ್ಲೇ ಇಟ್ಟು ಬೆಣ್ಣೆಯ ಹಾಗೆ ಆದ ಮೇಲೆ ಬಳಸಿದರು.

ಆದರೆ ಗೋಡೆ ಒಣಗಿದ್ದು ಸುಣ್ಣದಿಂದಲ್ಲ, ಚರಂಡಿಯಿಂದ. ಎಷ್ಟೋ ವರ್ಷ ಮನೆ ಹಿಂದಿನ ಬರೆಯಿಂದ (ಕಡಿದಾದ ಮಣ್ಣಿನ ದಿಬ್ಬದಿಂದ) ಮಣ್ಣು ಜಾರಿ, ಅದರ ಮೇಲೆ ನನ್ನದೇ ಹೂವಿನ ಗಿಡಗಳ ಪಾತಿ ಬೇರೆ, ಹೊರಗಿನ ನೆಲ ಕಲ್ಲಿನ ಪಾಯಕ್ಕಿಂತ ಎತ್ತರ ಆಗಿತ್ತು. ಸೂರಿನ ನೀರು ನೇರ ಮಣ್ಣಿನ ಗೋಡೆಯ ಬುಡಕ್ಕೇ. ಒಂದೂವರೆ ಅಡಿ ಅಗೆದು ಪಾಯದ ಕಲ್ಲು ಕಾಣುವ ಹಾಗೆ ಮಾಡಬೇಕಿತ್ತು. ಹಾರೆ ಎತ್ತಿದ ದಿನವೇ ಊರಿನ ಹಿರಿಯರೊಬ್ಬರು ಗೇಟಿನಲ್ಲಿ ನಿಂತರು. ಸುಗ್ಗಿ ಕಟ್ಟು, ಅಂದರೆ ಊರ ಸುಗ್ಗಿ ಹಬ್ಬದ ಕಟ್ಟುಪಾಡು, ಬಿದ್ದಿದೆ, ಹಬ್ಬ ಮುಗಿಯುವವರೆಗೆ ಮಣ್ಣು ಅಗೆಯುವ ಹಾಗಿಲ್ಲ. ಕೆಲಸ ಅಲ್ಲಿಗೇ ನಿಂತಿತು. ನಾನು ಒಳಗೊಳಗೇ ಗೊಣಗಿದೆ. ನಿಜ ಹೇಳಬೇಕಂದರೆ ಆ ದಿನಗಳಲ್ಲೇ ಮನೆಯವರೆಲ್ಲ ಒಟ್ಟಿಗೆ ಕೂತು ಊಟ ಮಾಡಿದ್ದು.

ಬರೆಯನ್ನು ಜೆಸಿಬಿಯಲ್ಲಿ ನೆಟ್ಟಗೆ ಕತ್ತರಿಸಿ ಹಿತ್ತಲು ಅಗಲ ಮಾಡೋಣ ಅನ್ನುವ ಮಾತೂ ಬಂದಿತ್ತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜಾರಿದ್ದನ್ನು ನೋಡಿದವರು ನಾವು. ಬರೆ ಮುಟ್ಟಲಿಲ್ಲ. ಅದರ ನೆತ್ತಿಯಲ್ಲಿ ನೀರು ಆಚೆ ಹೋಗುವಂತೆ ಒಂದು ಕಾಲುವೆ ತೆಗೆಸಿ, ಮುಖಕ್ಕೆ ಲಾವಂಚ ನೆಟ್ಟೆವು. ಹಿತ್ತಲು ಇದ್ದಷ್ಟೇ ಇದೆ.

ವೈರಿಂಗ್ ಬಗ್ಗೆ ಒಂದೇ ಮಾತು. ಮಣ್ಣಿನ ಗೋಡೆ ಕೊರೆಯಬೇಡಿ, ಪೈಪು ಹೊರಗೇ ಓಡಲಿ. ಅರ್ಥಿಂಗ್ ಹೊಸದಾಗಿ ಮಾಡಿಸಿ.

ಮೇ ಕೊನೆಗೆ ಮಾಡು, ಚರಂಡಿ, ಎರಡು ಗೋಡೆ ಮುಗಿದಿದ್ದವು. ಅಷ್ಟೇ. ಮಗಳು ಪಾಸಾದಳು. ಜೂನ್‌ನಲ್ಲಿ ಮಳೆ ಹಿಡಿದ ಮೊದಲ ರಾತ್ರಿ ಯಾರೂ ನಿದ್ದೆ ಮಾಡಲಿಲ್ಲ, ಟಾರ್ಚ್ ಹಿಡಿದು ಅಟ್ಟದಲ್ಲೇ ಓಡಾಡಿದೆವು. ಬೆಳಕಿಗೆ ಅಂತ ನಾನು ಹಟ ಮಾಡಿ ಹಾಕಿಸಿದ ಗಾಜಿನ ಹೆಂಚಿನ ಪಕ್ಕದಲ್ಲಿ ಮಾತ್ರ ತೊಟ್ಟಿಕ್ಕಿತು. ಯಜಮಾನರು ಏನೂ ಅನ್ನದೆ ಒಂದು ಪಾತ್ರೆ ತಂದಿಟ್ಟರು. ಏನೂ ಅನ್ನದೇ ಇದ್ದದ್ದೇ ಜಾಸ್ತಿ ಚುಚ್ಚಿತು.

ಈ ಡಿಸೆಂಬರ್‌ಗೆ ಉಳಿದ ಗೋಡೆ, ಬಚ್ಚಲು. ನೆಲ ಅದರ ಮುಂದಿನ ವರ್ಷಕ್ಕೆ. ಆಚಾರ್ರಿಗೆ ಈಗಲೇ ಹೇಳಿಟ್ಟಿದ್ದೇವೆ, ಬರುತ್ತಾರೋ ಇಲ್ವೋ ನೋಡಬೇಕು. ಟಾರ್ಪಲ್ ಮಾತ್ರ ಎರಡು ತಂದಾಗಿದೆ. ಒಂದರ ಮೇಲೆ ನಾನೇ ಪೇಂಟಿನಲ್ಲಿ 'ಮನೆ' ಅಂತ ಬರೆದಿದ್ದೇನೆ.