ಜೇಬಿನಲ್ಲಿ ಸಿಕ್ಕ ಚೀಟಿ

ಯಾದಗಿರಿ ಜಿಲ್ಲೆಯ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಾನು ಎಪಿಪಿ, ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕ, ಆಗಿದ್ದಾಗಿನ ಮಾತು. 2016ರ ಹತ್ತಿ ಬಿಡಿಸುವ ಕಾಲದಲ್ಲಿ ಭೀಮಾ ದಂಡೆಯ ಹೊಲವೊಂದರಿಂದ ಪಂಪ್‌ಸೆಟ್ಟಿನ ಕೇಬಲ್ ಕಳುವಾಗಿತ್ತು. ಬೆಂಗಳೂರಿಗೆ ಗುಳೆ ಹೋಗಿ ಆಗಷ್ಟೇ ಊರಿಗೆ ಮರಳಿದ್ದ ಕೂಲಿಯವನೊಬ್ಬನನ್ನು ದಸ್ತಗಿರಿ ಮಾಡಿದ್ದರು. ಅವನು ತೋರಿಸಿದ ಜಾಗದಿಂದ ಆರು ಕಿಲೋ ಸುಟ್ಟ ತಾಮ್ರ ಜಪ್ತಿಯಾಯಿತು ಎಂದು ಪಂಚನಾಮೆ. ಆಗಿನ ಐಪಿಸಿಯ ಕಳವಿನ ಕಲಂ 379, ಹೆಚ್ಚೆಂದರೆ ಮೂರು ವರ್ಷದ ಶಿಕ್ಷೆ. ಜಾಮೀನು ಮಂಜೂರಾಗಿತ್ತು, ಆದರೆ ಪಹಣಿ ಹಿಡಿದು ಬಂದು ನಿಲ್ಲುವ ಜಾಮೀನುದಾರ ಸಿಗದೆ ನಾಲ್ಕು ತಿಂಗಳಿಂದ ಒಳಗೇ ಇದ್ದ.

ಸಾಕ್ಷಿ ವಿಚಾರಣೆಯ ಹಿಂದಿನ ರಾತ್ರಿ, ಪೊಲೀಸರು ತನಿಖೆಯನ್ನು ದಿನದಿನಕ್ಕೂ ಬರೆದಿಡುವ ಕೇಸ್ ಡೈರಿ ತಿರುವುತ್ತಿದ್ದೆ. ಕೊನೆಯ ಹಾಳೆಗೆ ಒಂದು ಚೀಟಿ ಪಿನ್ ಮಾಡಿತ್ತು. ಸರ್ಕಾರಿ ಆಸ್ಪತ್ರೆಯದು, ಚೇಳು ಕಡಿದದ್ದಕ್ಕೆ. ಹೆಸರು ಆರೋಪಿಯದೇ, ತಾರೀಖು ಕಳುವಾದ ರಾತ್ರಿಯದೇ, ದಾಖಲಾದ ಹೊತ್ತು 9.40. ದಸ್ತಗಿರಿ ವೇಳೆ ಜೇಬಿನಲ್ಲಿ ಸಿಕ್ಕಿದ್ದನ್ನು ಯಾರೋ ಅಲ್ಲಿಗೆ ಸೇರಿಸಿ ಮರೆತಿದ್ದರು. ಚಾರ್ಜ್‌ಶೀಟಿನ ದಾಖಲೆ ಪಟ್ಟಿಯಲ್ಲಿ ಅದರ ಸುಳಿವಿಲ್ಲ.

ಆಗ ನನಗೆ ಮೊದಲು ನೆನಪಾದದ್ದು ಅಂದು ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 172. ಕೇಸ್ ಡೈರಿಯನ್ನು ಆರೋಪಿಯ ಕಡೆಯವರು ಕೇಳಿ ಪಡೆಯುವಂತಿಲ್ಲ. ನಾನು ಸುಮ್ಮನಿದ್ದರೆ ಯಾರೂ ನನ್ನನ್ನು ಕೇಳುವಂತಿರಲಿಲ್ಲ. ಹೇಗಾದರೂ ಸರಿ ಶಿಕ್ಷೆಯಾಗಲಿ ಎಂಬ ದಾಹ ಅಭಿಯೋಜಕನಿಗೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಶಿವಕುಮಾರ್ ವಿರುದ್ಧ ಹುಕಂ ಚಂದ್ ಪ್ರಕರಣದಲ್ಲಿ ಹೇಳಿದ್ದು ಗೊತ್ತಿತ್ತು. ತರಬೇತಿಯಲ್ಲಿ ಅದನ್ನೇ ಕಿರಿಯರಿಗೆ ಹೇಳಿಯೂ ಇದ್ದೆ. ಆದರೂ ಮರುದಿನ ಬಾಯಿ ಬಿಡಲಿಲ್ಲ.

ಜಪ್ತಿಗೆ ಸಾಕ್ಷಿಯಾಗಿ ಸಹಿ ಹಾಕಿದ್ದ ಪಂಚ ಚೆನ್ನಾಗಿ ನುಡಿದ. ವರ್ಷಕ್ಕೆ ನಾಲ್ಕು ಸಲ ನಮ್ಮ ಕೋರ್ಟಿನ ಕಟಕಟೆ ಹತ್ತುವ ಆಸಾಮಿ ಅವನು, ಒಂದಕ್ಷರ ತಪ್ಪಲಿಲ್ಲ. ಕ್ರಾಸ್ ಮಾಡಿದ ಕಾನೂನು ನೆರವಿನ ವಕೀಲರು ಹೊಸಬರು, ಆಸ್ಪತ್ರೆಯ ಮಾತೇ ಎತ್ತಲಿಲ್ಲ. ಆರೋಪಿಯನ್ನು ವಾಪಸು ಕರೆದೊಯ್ಯುವಾಗ ಅವನು ನನ್ನ ಮೇಜಿನ ಹತ್ತಿರ ನಿಂತು ಕೇಳಿದ: "ಸಾಹೇಬ್ರ, ನನ್ನ ದವಾಖಾನಿ ಚೀಟಿ ನಿಮ್ಮ ಹತ್ರ ಐತೇನ್ರಿ? ಮತ್ತ ಬಂದ್ರ ಅದನ್ನ ತಗೊಂಡು ಬಾ ಅಂದಿದ್ರು ಡಾಕ್ಟರ್."

ಅದರ ಬೆಲೆ ಅವನಿಗೇ ಗೊತ್ತಿರಲಿಲ್ಲ. "ನೋಡ್ತೀನಿ" ಅಂದೆ.

ಮುಂದಿನ ತಾರೀಖು ಹದಿನಾಲ್ಕು ದಿನ ಬಿಟ್ಟು. ಆ ಸಂಜೆಯೇ ತನಿಖಾಧಿಕಾರಿಗೆ ಫೋನ್ ಮಾಡಿ, ಆಸ್ಪತ್ರೆ ರಿಜಿಸ್ಟರ್ ನೀವೇ ನೋಡಿ ಕಲಂ 173(8)ರಡಿ ಹೆಚ್ಚುವರಿ ವರದಿ ಕೊಡಿ ಅಂದೆ. ಅವರು ನಕ್ಕರು. "ಕಂದಕೂರ ಗುಡ್ಡದಾಗ ನಾಗರಪಂಚಮಿಗೆ ಚೇಳು ಕೈಮ್ಯಾಲ ಬಿಟ್ಕೊಳ್ಳೋ ಜಿಲ್ಲಾ ಸರ ಇದು. ಚೇಳು ಕಡೀತಂತ ಇಲ್ಲಿ ಯಾರರ ದವಾಖಾನ್ಯಾಗ ಮಲಗ್ತಾರೇನ್ರಿ?" ಮಾತು ಮಜವಾಗಿತ್ತು, ನಾನೂ ನಕ್ಕೆ. ಮರುದಿನ ಅದೇ ಕೋರಿಕೆಯನ್ನು ಪತ್ರದಲ್ಲಿ ಕಳಿಸಿ, ಪ್ರತಿಯೊಂದನ್ನು ನನ್ನ ಮೇಲಧಿಕಾರಿಗೂ ಹಾಕಿದೆ. ಈ ಕೆಲಸದಲ್ಲಿರುವ ಕಿರಿಯರು ಬೇಕಾದರೆ ಗಮನಿಸಲಿ: ಫೋನಿನಲ್ಲಿ ಆಡಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಉತ್ತರ ಬರಲಿಲ್ಲ. ಡೈರಿಯ ಹಾಳೆ ಕಿತ್ತು ಎದುರು ವಕೀಲರ ಕೈಗೆ ಕೊಡುವಂತಿಲ್ಲ, ಅದು ಸರಿಯಾದ ದಾರಿಯೂ ಅಲ್ಲ. ಹಾಗಾಗಿ ಕಲಂ 311ರಡಿ ನಾನೇ ಅರ್ಜಿ ಹಾಕಿ, ವೈದ್ಯರನ್ನು ಒಳರೋಗಿಗಳ ರಿಜಿಸ್ಟರ್ ಸಮೇತ ಕರೆಸಬೇಕೆಂದು ಕೋರಿದೆ. ತನ್ನ ಕೇಸಿಗೇ ಏಟು ಕೊಡುವ ಸಾಕ್ಷಿಯನ್ನು ಎಪಿಪಿಯೇ ಕರೆಸುವುದು ಕಂಡು ಮ್ಯಾಜಿಸ್ಟ್ರೇಟರು ಅರ್ಜಿಯನ್ನು ಎರಡು ಸಲ ಓದಿದರು. ರಿಜಿಸ್ಟರ್ ಬಂತು. ರಾತ್ರಿ 9.40ಕ್ಕೆ ದಾಖಲು, ಬೆಳಿಗ್ಗೆ 7ಕ್ಕೆ ಬಿಡುಗಡೆ, ನಡುವೆ ಎರಡು ಸಲ ನರ್ಸ್ ಸಹಿ. ಕೇಬಲ್ ಹೋದದ್ದು ನಡುರಾತ್ರಿ. ಅವನು ಖುಲಾಸೆಯಾದ.

ಕೋರ್ಟ್ ಡ್ಯೂಟಿಯ ಪೇದೆ ಆಮೇಲೆ ತಿಂಗಳುಗಟ್ಟಲೆ ನನ್ನ ಬೆಂಚಿನಲ್ಲಿ ಕೂರಲಿಲ್ಲ, ಅದು ದೊಡ್ಡ ಮಾತಲ್ಲ. ಕಷ್ಟವಾದದ್ದು ಫಿರ್ಯಾದಿಯ ಮುಖ ನೋಡುವುದು. "ಹಂಗಾರ ನನ್ನ ವಾಯರ್ ಒಯ್ದವರು ಯಾರ್ರಿ?" ಅಂದ. ಸಾಲ ಮಾಡಿ ಹಾಕಿಸಿದ ಕೇಬಲ್ ಅದು. ನಾನು ಅವನ ಪರವಾಗಿಯೂ ನಿಂತವನೇ, ಹೇಳಲು ನನ್ನ ಬಳಿ ಏನೂ ಇರಲಿಲ್ಲ.

2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಪೊಲೀಸರು ಆಧಾರವಾಗಿ ಬಳಸದ ಹೇಳಿಕೆ, ದಾಖಲೆ, ವಸ್ತುಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕೆಂದು ಹೇಳಿತು. ಈಗ ಕರಡು ಚಾರ್ಜ್‌ಶೀಟ್ ಪರಿಶೀಲನೆಗೆ ಬಂದಾಗ ಆ ಪಟ್ಟಿ ಎಲ್ಲಿ ಎಂದು ಕೇಳಲು ನನಗೆ ಮುಜುಗರವಿಲ್ಲ. ಡೈರಿಯನ್ನಂತೂ ಹಿಂದಿನಿಂದ ಮುಂದಕ್ಕೆ ಓದುತ್ತೇನೆ.

ಒಂದನ್ನು ಮಾತ್ರ ನಾನು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದವನು ತೋರಿಸಿದ ಜಾಗದಲ್ಲಿ ಆ ಆರು ಕಿಲೋ ತಾಮ್ರ ಎಲ್ಲಿಂದ ಬಂತು? ಅದೇ ಠಾಣೆಯ ಮೂವತ್ತು ಫೈಲು ನನ್ನ ಮೇಜಿನ ಮೇಲಿದ್ದವು.