ಡಬ್ಬಿ ಆರಲು ಬಿಟ್ಟ ಮೇಲೆ ಹೈಡ್ರೋಜನ್ ಬೇಗ ಬಂತು

ಮೆಗ್ನೀಸಿಯಂ ಹೈಡ್ರೈಡ್ ತನ್ನ ತೂಕದ 7.6% ಹೈಡ್ರೋಜನ್ ಹಿಡಿದಿಟ್ಟುಕೊಳ್ಳುತ್ತದೆ, ಬಿಟ್ಟುಕೊಡಲು ಮಾತ್ರ 300 ಡಿಗ್ರಿಯಲ್ಲೂ ಸತಾಯಿಸುತ್ತದೆ. ವೇಗವರ್ಧಕವಾಗಿ ನಿಯೋಬಿಯಂ ಆಕ್ಸೈಡ್ ಸೇರಿಸಿದರೂ ನಮ್ಮ ಕಲಬುರಗಿ ಲ್ಯಾಬಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮೇ ತಿಂಗಳ ಬಿಸಿಲು, ಎಸಿ ಬೇರೆ ಕೆಟ್ಟಿತ್ತು. ಡಬ್ಬಿಯೊಳಗೆ ಗುಂಡುಗಳಿಂದ ಪುಡಿ ಅರೆಯುವ ಬಾಲ್ ಮಿಲ್ ನಿಲ್ಲಿಸಿದಾಗ ಸಹಾಯಕರು, "ಡಬ್ಬಿ ಹಂಚಿನಂಗ ಕಾದದ ನೋಡ್ರಿ ಸರ್" ಎಂದರು. ಗಾಳಿ ತಾಗದಂತೆ ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸಿನಲ್ಲಿ (ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಡಬ್ಬಿಯ ಮುಚ್ಚಳ ತೆಗೆದರೆ ಬೂದು ಪುಡಿ ಒಳಗೋಡೆಗೆ ಮೆತ್ತಿಕೊಂಡು ಗಟ್ಟಿಯಾಗಿತ್ತು. ಬಿಳಿ ಆಕ್ಸೈಡ್ ಅಲ್ಲಲ್ಲಿ ಬೆರೆಯದೆ ಹಾಗೇ ಕೂತಿತ್ತು. ಕಣಕ್ಕೆ ತಾಗದ ವೇಗವರ್ಧಕ ಇದ್ದರೇನು, ಬಿಟ್ಟರೇನು?

ಆಮೇಲೆ ಕ್ರಮ ಬದಲಿಸಿದೆವು: 15 ನಿಮಿಷ ಅರೆಯುವುದು, ಅಷ್ಟೇ ಹೊತ್ತು ಆರಲು ಬಿಡುವುದು, ನಡುವೆ ಗೋಡೆ ಕೆರೆಯುವುದು. ಅದೇ ತಾಪಮಾನದಲ್ಲಿ ಅನಿಲ ಬೇಗ ಹೊರಬಂತು. ಆದರೆ ಬಿಡುಗಡೆಗೆ ಬೇಕಾದ ಒಟ್ಟು ಶಾಖ, ಹೈಡ್ರೋಜನ್ನಿನ ಪ್ರತಿ ಮೋಲ್‌ಗೆ ಸುಮಾರು 75 ಕಿಲೋಜೂಲ್, ಅದನ್ನು ಯಾವ ವೇಗವರ್ಧಕವೂ ಇಳಿಸುವುದಿಲ್ಲ.